ಬಾಗಿದ ಬೆನ್ನು ನೆಟ್ಟಗಾಗುವ ದಾರಿ



ಸಂತ ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಒಬ್ಬ ಹೆಂಗಸು ಬರುತ್ತಾಳೆ. 18 ವರ್ಷಗಳಿಂದ ಆಕೆಯ ಬೆನ್ನು ಬಾಗಿತ್ತು. ತಲೆಯೆತ್ತಿ ಯಾರ ಮುಖವನ್ನೂ ನೋಡಲಾರಳು. ಆಕೆ ಏನನ್ನೂ ಬೇಡಲಿಲ್ಲ. ಯೇಸುಸ್ವಾಮಿಯೇ ಆಕೆಯನ್ನು ಕಂಡರು, ಹತ್ತಿರ ಕರೆದರು, ಬಿಡುಗಡೆಯ ಮಾತು ನುಡಿದರು, ಆಮೇಲೆ ಕೈಯಿಟ್ಟರು. ಬಾಗಿದ ಬೆನ್ನು ನೆಟ್ಟಗಾಯಿತು. ಬಾಯಿ ದೇವರನ್ನು ಕೊಂಡಾಡಿತು. ಮೊದಲು ಮೈ ನೆಟ್ಟಗಾಯಿತು, ಅನಂತರ ಸ್ತುತಿ ಹೊರಟಿತು ಎಂಬುದನ್ನು ಗಮನಿಸಿ. ಅದನ್ನು ಕಂಡು ಸಿಟ್ಟಾದವನು ಬೇರೆ ಯಾರೂ ಅಲ್ಲ, ಪ್ರಾರ್ಥನಾಮಂದಿರದ ಅಧಿಕಾರಿ!

ಈ ಪಾಠವನ್ನು ಓದುವಾಗಲೆಲ್ಲ ನನ್ನದೇ ತಪ್ಪೊಂದು ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಗುರುಮನೆಗೆ ಬಂದಿದ್ದರು. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಅವರ ಒಪ್ಪಿಗೆ ಪಡೆದೇ, ಗುರುತು ಸಿಗದಂತೆ ಹೇಳುತ್ತಿದ್ದೇನೆ. “ಫಾದರ್, ಮಗಳು ಪೂಜೆಗೆ ಬರಲೊಲ್ಲಳು. ಶಾಂತಿ ಹಂಚಿಕೊಳ್ಳುವಾಗ ಯಾರಾದರೂ ಕೈ ಹಿಡಿದರೆ ಮೈಯೆಲ್ಲ ಮರಗಟ್ಟುತ್ತದಂತೆ” ಎಂದರು. ಆಮೇಲೆ ಸೆರಗಿನಿಂದ ಕಣ್ಣೊರಸಿಕೊಂಡು, ಮಗಳ ಮೇಲೆ ನಡೆದ ಅತ್ಯಾಚಾರದ ವಿಷಯ ತಿಳಿಸಿದರು. ನಾನೇನು ಹೇಳಿದೆ ಗೊತ್ತೇ? “ಅಮ್ಮಾ, ಆದದ್ದು ಆಯಿತು. ಕ್ಷಮಿಸಿ ಮರೆತುಬಿಡಲಿಕ್ಕೆ ಹೇಳಿ. ದಿನಾ ಜಪಸರ ಮಾಡಲಿ” ಎಂದೆ. ಆ ತಾಯಿ ತಲೆ ತಗ್ಗಿಸಿಕೊಂಡು ಹೊರಟುಹೋದರು.

ಬಹಳ ದಿನಗಳ ಮೇಲೆ ಮಗಳೇ ಬಂದಳು. ಬಾಗಿಲ ಬಳಿಯೇ ನಿಂತು, “ಫಾದರ್, ನಾನು ಮರೆತರೂ ನನ್ನ ಮೈ ಮರೆಯುವುದಿಲ್ಲ” ಎಂದಳು. ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿದ ನನಗೆ ಆ ಒಂದು ಮಾತಿಗೆ ಉತ್ತರ ಹೊಳೆಯಲಿಲ್ಲ.

ನಾನು ಓದಿದ್ದರಲ್ಲಿಯೇ ಉತ್ತರವಿತ್ತು, ನಾನು ಮರೆತಿದ್ದೆ. ಮನುಷ್ಯನೆಂದರೆ ದೇಹವೆಂಬ ಗೂಡಿನಲ್ಲಿ ಕುಳಿತ ಆತ್ಮವಲ್ಲ. ಆತ್ಮ ಮತ್ತು ದೇಹ ಎರಡೂ ಸೇರಿ ಒಬ್ಬ ಮನುಷ್ಯ. ಸಂತ ಥಾಮಸ್ ಅಕ್ವಿನಾಸರು ಕಲಿಸಿದ್ದು ಇದನ್ನೇ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮತ್ತೆ ಸಾರಿದ್ದೂ ಇದನ್ನೇ. ದೇಹವು ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಹೇಳಿದರು. ಹಾಗಿರುವಾಗ ಆಲಯಕ್ಕೆ ಏಟು ಬಿದ್ದಾಗ, ಒಳಗಿನ ದೀಪವೊಂದನ್ನು ನೋಡಿಕೊಂಡರೆ ಸಾಕೆ?

ವೈದ್ಯರು ಹೇಳುವುದೂ ಹೀಗೆಯೇ. ಮಿತಿಮೀರಿದ ಭಯದಲ್ಲಿ ಮೈ ಕಲ್ಲಿನಂತೆ ಸೆಟೆದು ನಿಲ್ಲುವುದುಂಟು, ಕೂಗಲು ದನಿ ಏಳದಿರುವುದುಂಟು. “ಅವಳು ಯಾಕೆ ಕಿರುಚಲಿಲ್ಲ? ಯಾಕೆ ಓಡಲಿಲ್ಲ?” ಎಂದು ಊರು ಕೇಳುತ್ತದೆ. ಅದು ಒಪ್ಪಿಗೆಯಲ್ಲ, ಇಚ್ಛೆಯನ್ನು ಮೀರಿ ದೇಹ ತೋರುವ ಪ್ರತಿಕ್ರಿಯೆ. ಘಟನೆ ಮುಗಿದ ಎಷ್ಟೋ ಕಾಲದ ಮೇಲೂ ಒಂದು ವಾಸನೆ, ಒಂದು ಹೆಜ್ಜೆಯ ಸದ್ದು ಸಾಕು, ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ನಿದ್ದೆ ಹಾರುತ್ತದೆ. ಕೆಲವರಿಗೆ ತಮ್ಮ ಮೈಯೇ ತಮ್ಮದಲ್ಲವೆನಿಸುತ್ತದೆ. ಇಂಥವರಿಗೆ ಬಾಯಿಬಿಟ್ಟು ಹೇಳು ಎಂದರೆ ಮಾತು ಬರುವುದಿಲ್ಲ. ಮಾತು ಸೋತ ಕಡೆ ನೃತ್ಯ ಚಿಕಿತ್ಸೆ ಎಂಬ ಒಂದು ದಾರಿಯಿದೆ.

ನೃತ್ಯವೆಂದೊಡನೆ ಹುಬ್ಬೇರಿಸಬೇಡಿ. ಇದು ಸಿನಿಮಾದ ಕುಣಿತವಲ್ಲ, ವೇದಿಕೆಯ ಪ್ರದರ್ಶನವಲ್ಲ. ಅಮೆರಿಕದ ನೃತ್ಯ ಶಿಕ್ಷಕಿ ಮೇರಿಯನ್ ಚೇಸ್ 1942ರಲ್ಲಿ ವಾಷಿಂಗ್ಟನ್ ನಗರದ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಿದರು. ಮಾತು ನಿಲ್ಲಿಸಿದ್ದ ರೋಗಿಗಳ ಚಲನೆಯನ್ನೇ ಅವರು ತಮ್ಮ ಮೈಯಲ್ಲಿ ತೋರಿಸಿ, “ನಿನ್ನನ್ನು ನಾನು ಕಂಡಿದ್ದೇನೆ” ಎಂದು ಮಾತಿಲ್ಲದೆ ತಿಳಿಸುತ್ತಿದ್ದರು. 1966ರಲ್ಲಿ ಅಮೆರಿಕದ ನೃತ್ಯ ಚಿಕಿತ್ಸಕರ ಸಂಘ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷೆಯಾದರು. ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಬೆಂಗಳೂರಿನ ತ್ರಿಪುರಾ ಕಶ್ಯಪ್ ಒಬ್ಬರು. ಕೋಲ್ಕತ್ತದಲ್ಲಿ ನೃತ್ಯಗಾತಿಯೂ ಸಮಾಜಶಾಸ್ತ್ರಜ್ಞೆಯೂ ಆದ ಸೋಹಿನಿ ಚಕ್ರವರ್ತಿಯವರು 2004ರಲ್ಲಿ ‘ಕೋಲ್ಕತ್ತ ಸಂವೇದ್’ ಸಂಸ್ಥೆಯನ್ನು ಸ್ಥಾಪಿಸಿದರು. ಮಾನವ ಸಾಗಣೆಯ ಬಲೆಯಿಂದ ಬಿಡುಗಡೆಯಾಗಿ ಆಶ್ರಯಧಾಮ ಸೇರಿದ ಹೆಣ್ಣುಮಕ್ಕಳ ನಡುವೆ ಅವರ ಕೆಲಸ ಬೆಳೆಯಿತು. ಹಾಗೆ ಚೇತರಿಸಿಕೊಂಡವರಲ್ಲಿ ಕೆಲವರು ತಾವೇ ತರಬೇತಿ ಪಡೆದು ಇತರರಿಗೆ ಕಲಿಸುವವರಾದರು. ಪರರ ವಸ್ತುವಾಗಿದ್ದವರು ಗುರುಗಳಾದರು!

ಅಲ್ಲಿ ನಡೆಯುವುದಾದರೂ ಏನು? ಹೆಂಗಸರು ವೃತ್ತವಾಗಿ ನಿಲ್ಲುತ್ತಾರೆ. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸುತ್ತಾರೆ. ಉಸಿರು ಎಳೆದು ಬಿಡುತ್ತಾರೆ. ಒಬ್ಬಳು ಕೈಯೆತ್ತಿದರೆ ಉಳಿದವರು ಹಾಗೆಯೇ ಎತ್ತುತ್ತಾರೆ. ಅಂಗೈಯನ್ನು ಮುಂದಕ್ಕೆ ತಳ್ಳಿ ‘ಬೇಡ’ ಎಂಬುದನ್ನು ಮೈಯಿಂದ ಹೇಳಲು ಕಲಿಯುತ್ತಾರೆ. ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಬೇಡವೆನಿಸಿದರೆ ಸುಮ್ಮನೆ ಕುಳಿತಿರಬಹುದು. ನಡೆದದ್ದನ್ನು ಹೇಳಲೇಬೇಕೆಂಬ ಒತ್ತಾಯವಿಲ್ಲ. ‘ನನ್ನ ಮೈ ನನ್ನ ಮಾತು ಕೇಳುತ್ತದೆ, ಇಲ್ಲಿ ನನಗೆ ಭಯವಿಲ್ಲ’ ಎಂಬ ಅರಿವು ಹೀಗೆ ಇಷ್ಟಿಷ್ಟೇ ಮರಳುತ್ತದೆ. ಇದೊಂದೇ ಮದ್ದೆಂದು ನಾನು ಹೇಳುವುದಿಲ್ಲ. ವೈದ್ಯರು, ಆಪ್ತಸಮಾಲೋಚಕರು, ಕಾನೂನು ಎಲ್ಲವೂ ಬೇಕು. ತರಬೇತಿಯಿಲ್ಲದವರು ಇದಕ್ಕೆ ಕೈಹಾಕಲೂಬಾರದು. ಎಲ್ಲರಿಗೂ ಇದು ಒಗ್ಗುವುದೂ ಇಲ್ಲ.

ಪ್ರಿಯರೇ, ಪವಿತ್ರ ಬೈಬಲಿಗೆ ನೃತ್ಯ ಹೊಸದಲ್ಲ. ಕೆಂಪು ಸಮುದ್ರ ದಾಟಿದ ಮೇಲೆ ಮಿರ್ಯಾಮಳು ದಮ್ಮಡಿ ಹಿಡಿದು ಹೆಂಗಸರೊಡನೆ ಕುಣಿದಳು. ಬಿಡುಗಡೆಯನ್ನು ಪಾದಗಳೂ ಆಚರಿಸಿದವು. ಸಮುವೇಲನ ಎರಡನೆಯ ಗ್ರಂಥದ 6ನೆಯ ಅಧ್ಯಾಯದಲ್ಲಿ ದಾವೀದ ರಾಜ ದೇವರ ಮಂಜೂಷದ ಮುಂದೆ ಮೈಮರೆತು ನರ್ತಿಸಿದ. ಆದರೆ ಅದೇ ಗ್ರಂಥದ 13ನೆಯ ಅಧ್ಯಾಯವನ್ನು ನಾವು ದೇವಾಲಯದಲ್ಲಿ ಎಷ್ಟು ಬಾರಿ ಓದಿದ್ದೇವೆ? ಅಲ್ಲಿ ದಾವೀದನ ಮಗಳು ತಾಮಾರಳನ್ನು ಮಲಸಹೋದರ ಅಮ್ನೋನನೇ ಕೆಡಿಸುತ್ತಾನೆ. ಅವಳು ಬೇಡವೆಂದು ಅಂಗಲಾಚಿದರೂ ಅವನು ಕೇಳಲಿಲ್ಲ. ಅವಳು ತಲೆಗೆ ಬೂದಿ ಹಾಕಿಕೊಂಡು, ನಿಲುವಂಗಿ ಹರಿದುಕೊಂಡು, ಗೋಳಾಡುತ್ತ ಹೋದಳು. ಅಣ್ಣ ಅಬ್ಷಾಲೋಮ ಸುಮ್ಮನಿರು ಎಂದ. ತಂದೆ ದಾವೀದ ಕೋಪಗೊಂಡ, ಆದರೆ ಅಮ್ನೋನನನ್ನು ಶಿಕ್ಷಿಸಿದನೆಂದು ಎಲ್ಲಿಯೂ ಬರೆದಿಲ್ಲ. ಎರಡು ವರ್ಷಗಳ ಮೇಲೆ ಅಣ್ಣ ಸೇಡು ತೀರಿಸಿಕೊಂಡ. ತಾಮಾರಳಿಗೆ ಏನು ಬೇಕಿತ್ತೆಂದು ಮಾತ್ರ ಯಾರೂ ಕೇಳಲಿಲ್ಲ. ಸುಮ್ಮನಿರು ಎಂದ ಅಬ್ಷಾಲೋಮನಿಗೂ, ಮರೆತುಬಿಡಲಿ ಎಂದ ನನಗೂ ಎಷ್ಟು ವ್ಯತ್ಯಾಸ?

“ಆದರೂ ಅವಳ ಶೀಲ ಹೋಯಿತಲ್ಲ ಫಾದರ್” ಎನ್ನುವವರು ಈಗಲೂ ಇದ್ದಾರೆ. ಕ್ರಿ.ಶ. 410ರಲ್ಲಿ ರೋಮ್ ನಗರ ಸೂರೆಯಾದಾಗಲೂ ಇದೇ ಮಾತು ಎದ್ದಿತ್ತು. ಸಂತ ಅಗಸ್ಟೀನರು ತಮ್ಮ ‘ದೇವನಗರಿ’ ಗ್ರಂಥದ ಮೊದಲ ಭಾಗದಲ್ಲಿಯೇ ಅದಕ್ಕೆ ಉತ್ತರಿಸಿದರು. ಶೀಲವು ಮನಸ್ಸಿನ ಸದ್ಗುಣ. ಮನಸ್ಸು ಒಪ್ಪದೆ ಮೈಯ ಮೇಲೆ ನಡೆದ ಬಲಾತ್ಕಾರದಿಂದ ಅದು ಹೋಗದು. ಪಾಪ ಮಾಡಿದವನದು, ಸಹಿಸಿದವಳದಲ್ಲ. 1600 ವರ್ಷಗಳಷ್ಟು ಹಳೆಯ ಈ ಬೋಧನೆ ನಮ್ಮ ಮನೆಯ ಜಗಲಿಗೆ ಇನ್ನೂ ಬಂದು ತಲುಪಿಲ್ಲವೆಂದರೆ ತಪ್ಪು ಯಾರದು? ಬಲಿಪೀಠದಿಂದ ಬೋಧಿಸಬೇಕಾದ ನಮ್ಮದೇ. ಇನ್ನೊಂದು ಮಾತನ್ನೂ ತಲೆತಗ್ಗಿಸಿ ಹೇಳುತ್ತೇನೆ. ಧರ್ಮಸಭೆಯ ಒಳಗೇ, ಗುರುಗಳ ಕೈಯಲ್ಲೇ ನೊಂದವರೂ ಇದ್ದಾರೆ. ಪೋಪ್ ಫ್ರಾನ್ಸಿಸರು 2019ರಲ್ಲಿ, ಇಂಥ ದೂರುಗಳನ್ನು ಸ್ವೀಕರಿಸುವ ವ್ಯವಸ್ಥೆ ಪ್ರತಿ ಧರ್ಮಪ್ರಾಂತ್ಯದಲ್ಲಿಯೂ ಇರಬೇಕೆಂದು ಕಟ್ಟಳೆ ಮಾಡಿದರು. ಮುಚ್ಚಿಡುವುದು ಭಕ್ತಿಯಲ್ಲ.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದು, ನಂಬಬೇಕು. ‘ಯಾಕೆ ಹೋಗಿದ್ದೆ, ಏನು ಉಟ್ಟಿದ್ದೆ’ ಎಂದು ಕೇಳಬೇಡಿ. ಎರಡನೆಯದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಬೇಕೆಂದು ಕಾನೂನಿದೆ. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ‘ಸಖಿ’ ಕೇಂದ್ರಗಳಲ್ಲಿ ವೈದ್ಯಕೀಯ ನೆರವು, ಕಾನೂನು ಸಲಹೆ, ಸಮಾಲೋಚನೆ ದೊರೆಯುತ್ತವೆ. ನೊಂದವಳು 18 ವರ್ಷದೊಳಗಿನವಳಾದರೆ, 2012ರ ಪೋಕ್ಸೋ ಕಾಯ್ದೆಯಂತೆ ವಿಷಯ ತಿಳಿದವರು ದೂರು ಕೊಡಲೇಬೇಕು. ಗುರುಗಳಿಗೂ ಇದರಿಂದ ವಿನಾಯಿತಿಯಿಲ್ಲ. ಮೂರನೆಯದು, ಅವಳ ಹೆಸರನ್ನು ಪ್ರಾರ್ಥನಾಕೂಟದಲ್ಲೂ ಎತ್ತಬೇಡಿ. ನಾಲ್ಕನೆಯದು, ಕ್ಷಮಿಸೆಂದು ಅವಸರಪಡಿಸಬೇಡಿ. ಕ್ಷಮೆ ದೇವರ ವರ. ಅದು ನ್ಯಾಯಕ್ಕೆ ಬದಲಿಯಲ್ಲ, ಅದಕ್ಕೆ ನಾವು ಗಡುವು ಹಾಕುವಂತಿಲ್ಲ.

ಪುನರುತ್ಥಾನರಾದ ಪ್ರಭುವಿನ ಕೈಕಾಲುಗಳಲ್ಲಿ ಗಾಯದ ಗುರುತುಗಳು ಉಳಿದಿದ್ದವು. ಮಹಿಮೆಯ ಶರೀರವೂ ನಡೆದುದನ್ನು ಮರೆಯಲಿಲ್ಲ. ಆದರೆ ಆ ಗಾಯಗಳಿಗೆ ಅವರನ್ನು ಸಮಾಧಿಯಲ್ಲಿ ಹಿಡಿದಿಡಲಾಗಲಿಲ್ಲ. ನೊಂದ ಸಹೋದರಿಗೆ ನಾವು ಕೊಡಬಹುದಾದ ಭರವಸೆ ಮರೆವಿನದಲ್ಲ, ಈ ಪುನರುತ್ಥಾನದ್ದು.

ಆ ಹುಡುಗಿ ಒಬ್ಬ ಆಪ್ತಸಮಾಲೋಚಕಿಯ ನೆರವಿನಿಂದ ಮೆಲ್ಲಮೆಲ್ಲನೆ ಚೇತರಿಸಿಕೊಳ್ಳುತ್ತಿದ್ದಾಳೆ. ನಾನು ಅವಳಲ್ಲಿ ಕ್ಷಮೆ ಕೇಳಿದೆ. ಈಗ ನಮ್ಮ ದೇವಾಲಯದಲ್ಲಿ ಶಾಂತಿ ಹಂಚಿಕೊಳ್ಳುವಾಗ ಯಾರೂ ಕೈ ಹಿಡಿಯುವುದಿಲ್ಲ, ಎಲ್ಲರೂ ಕೈ ಮುಗಿಯುತ್ತೇವೆ. ಕಾರಣ ಯಾರಿಗೂ ಹೇಳಿಲ್ಲ. ಕೆಲವು ಭಾನುವಾರ ಅವಳು ಬರುತ್ತಾಳೆ, ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಆ ಹೊತ್ತಿಗೆ ತಲೆಯೆತ್ತಿ ಪಕ್ಕದವರ ಮುಖ ನೋಡಿ ಕೈ ಮುಗಿಯುತ್ತಾಳೆ.

ಬಾಗಿದವರನ್ನು ಕಂಡು ಹತ್ತಿರ ಕರೆದ ಪ್ರಭುವೇ, ನಮ್ಮ ಕಣ್ಣನ್ನು ತೆರೆಯಿರಿ, ನಮ್ಮ ಅವಸರದ ನಾಲಿಗೆಯನ್ನು ತಡೆಯಿರಿ. ನೊಂದ ನಮ್ಮ ಹೆಣ್ಣುಮಕ್ಕಳು ನಿಮ್ಮ ಮನೆಯಲ್ಲಿ ಭಯವಿಲ್ಲದೆ ಕಾಲೂರುವಂತೆ ಅನುಗ್ರಹಿಸಿರಿ. ಆಮೆನ್.