ಇಂದಿನ ಧಮ್ಮ ಚಿಂತನೆ: ಎಣ್ಣೆ ಮತ್ತು ಬತ್ತಿ



ಪಂಚಶೀಲ ಹೇಳುವ ಬಾಯಲ್ಲೇ ಸಿಗರೇಟು ಇಟ್ಟುಕೊಂಡವನು ನಾನು. ಐದನೇ ಶೀಲ ಹೆಂಡಕ್ಕೆ ಹೇಳಿದ್ದು, ಹೊಗೆಗಲ್ಲ ಎಂದು ವಾದಿಸುತ್ತಿದ್ದೆ. ಕಳೆದ ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿನಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದೆ. "ಮಾವ, ಇದನ್ನ ಕಲೀರಿ, ಸಿಗರೇಟು ಬಿಡಬಹುದು" ಎಂದು ತನ್ನ ವೇಪ್ ಬಿಚ್ಚಿ ಮುಂದಿಟ್ಟ.

ಕಾಂತಲ್ ತಂತಿಯನ್ನು 3 ಮಿ.ಮೀ. ಕಡ್ಡಿಗೆ ಆರು ಸುತ್ತು ಸುತ್ತಿದೆ. ಓಮ್ ಅಳೆದು, ಸುರುಳಿಯೊಳಗೆ ಹತ್ತಿ ತೂರಿಸಿದೆ. ಮೊದಲ ಸಲ ಹತ್ತಿ ಬಿಗಿಯಾಗಿ ದ್ರವ ಏರಲಿಲ್ಲ. ಬತ್ತಿ ಸುಟ್ಟು ಗಂಟಲು ಉರಿಯಿತು. ಎರಡನೇ ಸಲ ಸಡಿಲವಾಗಿ ಸೋರಿತು. ಮೂರನೆಯದು ಸರಿಹೋದಾಗ ಮಗುವಿನಂತೆ ಹಿಗ್ಗಿದೆ.

ಆ ರಾತ್ರಿ ಬುದ್ಧರ ಮಾತು ನೆನಪಾಯಿತು. ತೃಷ್ಣೆಯನ್ನು ಅವರು ಎಣ್ಣೆದೀಪಕ್ಕೆ ಹೋಲಿಸುತ್ತಾರೆ: ಎಣ್ಣೆ, ಬತ್ತಿ ಹಾಕುತ್ತಿದ್ದರೆ ಉರಿಯುತ್ತದೆ, ಹಾಕದಿದ್ದರೆ ಆರುತ್ತದೆ. ಅಳಿಯ ದ್ರವದ ನಿಕೋಟಿನನ್ನು ಮಿಲಿಲೀಟರಿಗೆ 12 ಮಿಲಿಗ್ರಾಮಿನಿಂದ 3ಕ್ಕೆ ಇಳಿಸಿದ್ದ. ಅವನು ಎಣ್ಣೆ ಕಡಿಮೆ ಮಾಡುತ್ತಿದ್ದ. ನಾನು ಬತ್ತಿ ಹೊಸೆಯುವುದರಲ್ಲಿ ಜಾಣನಾಗಿದ್ದೆ.

ನಮ್ಮಲ್ಲಿ 2019ರ ಕಾಯ್ದೆ ಇ-ಸಿಗರೇಟಿನ ಆಮದು, ಮಾರಾಟ ನಿಷೇಧಿಸಿದೆ. ಅದನ್ನು ಅಲ್ಲೇ ಬಿಟ್ಟು ಬಂದೆ. ಚಟ ಮಾತ್ರ ವಿಮಾನ ಹತ್ತಿ ಜೊತೆಗೇ ಬಂತು.

ಈಗ ದಿನಕ್ಕೆ ಎರಡು ಸಿಗರೇಟು. ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗಿ ನಾಲ್ಕನೇ ಶೀಲವೂ ಹೋಗುತ್ತದೆ.

ಇಂದು ಆಸೆ ಎದ್ದಾಗ ಕೇಳಿಕೊಳ್ಳೋಣ: ಇದಕ್ಕೆ ಬತ್ತಿ ಹೊಸೆಯುತ್ತಿರುವ ಕೈ ಯಾರದು?

ಭವತು ಸಬ್ಬ ಮಂಗಲಂ.