ರೈಲು ಹತ್ತದ ಚರ್ಚಿಲ್

ಜೋ ರೈಟ್ ನಿರ್ದೇಶನದ ‘ಡಾರ್ಕೆಸ್ಟ್ ಅವರ್’ (2017) ಚಿತ್ರದಲ್ಲಿ ಪ್ರಧಾನಿ ಚರ್ಚಿಲ್ ಕಾರು ಬಿಟ್ಟಿಳಿದು ಲಂಡನ್ನಿನ ಸುರಂಗ ರೈಲು ಹತ್ತುತ್ತಾನೆ. ಚುಟ್ಟಾ ಹಚ್ಚಲು ಕಡ್ಡಿಪೆಟ್ಟಿಗೆ ಕೇಳುತ್ತಾನೆ, ಪ್ರಯಾಣಿಕರ ಹೆಸರು ವಿಚಾರಿಸುತ್ತಾನೆ. ಶತ್ರು ಜರ್ಮನಿಯೊಂದಿಗೆ ಸಂಧಾನಕ್ಕೆ ಇಳಿಯಬಹುದೇ ಎಂದರೆ ಪುಟ್ಟ ಹುಡುಗಿಯೊಬ್ಬಳೂ ಸೇರಿ ಎಲ್ಲರದೂ ಒಂದೇ ಉತ್ತರ: ಕೂಡದು. ಅಲ್ಲಿಂದ ಅವನು ಗಟ್ಟಿ ಮನಸ್ಸು ಮಾಡಿ ಏಳುತ್ತಾನೆ. ಮೊದಲ ಸಲ ನೋಡಿದಾಗ ನನ್ನ ಕಣ್ಣೂ ಒದ್ದೆಯಾಗಿತ್ತು.

ಆದರೆ ಅಂಥ ಪ್ರಯಾಣ ನಡೆದೇ ಇಲ್ಲ. ಸಿನಿಮಾ ಕಲ್ಪಿಸಿಕೊಳ್ಳಲಿ, ತಕರಾರಿಲ್ಲ. ಈ ಕಲ್ಪನೆ ಯಾವುದನ್ನು ಮರೆಮಾಡುತ್ತದೆ ಎಂಬುದೇ ನನ್ನ ಪ್ರಶ್ನೆ.

1940ರ ಮೇ 26ರಿಂದ 28ರವರೆಗೆ ಯುದ್ಧ ಸಂಪುಟದ ಐವರು ಮತ್ತೆ ಮತ್ತೆ ಸೇರಿದರು. ಇಟಲಿಯ ಮೂಲಕ ಷರತ್ತುಗಳನ್ನು ಕೇಳಿ ನೋಡುವುದರಲ್ಲಿ ತಪ್ಪೇನು ಎಂಬುದು ವಿದೇಶಾಂಗ ಸಚಿವ ಹ್ಯಾಲಿಫ್ಯಾಕ್ಸನ ವಾದ. ಫ್ರಾನ್ಸ್ ಕುಸಿಯುತ್ತಿತ್ತು, ಬ್ರಿಟಿಷ್ ಸೇನೆ ಅಲ್ಲಿಯ ಡಂಕರ್ಕಿನಲ್ಲಿ ಸಿಕ್ಕಿಬಿದ್ದಿತ್ತು. ಹಾಗೆ ಕೇಳಿದವನನ್ನು ಹೇಡಿಯೆನ್ನಲಾಗದು. ಒಮ್ಮೆ ಸಂಧಾನದ ಮೇಜಿಗೆ ಹೋದರೆ ಎದ್ದು ಬರುವುದು ಕಷ್ಟ ಎಂದು ಚರ್ಚಿಲ್ ಪಟ್ಟು ಹಿಡಿದ. ಲೇಬರ್ ಪಕ್ಷದ ಆಟ್ಲಿ, ಗ್ರೀನ್‌ವುಡ್ ಅವನ ಬೆನ್ನಿಗೆ ನಿಂತರು. ಹಿಂದಿನ ಪ್ರಧಾನಿ ಚೇಂಬರ್ಲಿನ್ ಕೊನೆಗೆ ಇತ್ತ ವಾಲಿದ. 28ರ ಸಂಜೆ ಯುದ್ಧ ಸಂಪುಟದ ಹೊರಗಿನ ಮಂತ್ರಿಗಳೂ ಒಪ್ಪಿದರು. ಮೂರು ದಿನದ ಈ ವಾಗ್ವಾದವೇ ನಿಜವಾದ ನಾಟಕ. ಪ್ರಜಾಪ್ರಭುತ್ವದ ಶಕ್ತಿ ಇರುವುದು ನಾಯಕನಿಗೆ ಎದುರು ಮಾತಾಡುವವರು ಅದೇ ಮೇಜಿನ ಸುತ್ತ ಕೂತಿರುವುದರಲ್ಲಿ. ರೈಲಿನಲ್ಲಿ ಎದುರು ಮಾತಾಡುವವರು ಒಬ್ಬರೂ ಇಲ್ಲ.

ಇನ್ನೂ ಒಂದು ಮಾತು. ಜನರ ಒಪ್ಪಿಗೆ ಪಡೆದ ನಾಯಕನ ಹೊರೆ ಅರ್ಧ ಇಳಿಯುತ್ತದೆ. ಯುದ್ಧಕಾಲದ ಹೊರೆ ಹಾಗೆ ಇಳಿಯುವಂಥದಲ್ಲ. ಡಂಕರ್ಕಿನಲ್ಲಿ ಸಿಕ್ಕಿಬಿದ್ದವರಿಗೆ ಪಾರಾಗಲು ಸಮಯ ಸಿಗಲೆಂದು ಫ್ರಾನ್ಸಿನ ಕ್ಯಾಲೆಯಲ್ಲಿದ್ದ ಬ್ರಿಟಿಷ್ ಪಡೆಗೆ ಕೊನೆಯವರೆಗೂ ಕಾದಾಡಲು ಆಜ್ಞೆ ಹೋಯಿತು; ಕರೆದೊಯ್ಯಲು ಹಡಗು ಬರುವುದಿಲ್ಲ ಎಂದೂ ತಿಳಿಸಲಾಯಿತು. ಆ ರಾತ್ರಿ ಊಟದ ಮೇಜಿನಲ್ಲಿ ಹೊಟ್ಟೆ ತೊಳಸಿದಂತಾಯಿತೆಂದು ಚರ್ಚಿಲನೇ ಮುಂದೆ ಬರೆದುಕೊಂಡ. ಇಂಥ ಆಜ್ಞೆಯನ್ನು ಯಾವ ಪ್ರಯಾಣಿಕನನ್ನು ಕೇಳಿ ಹೊರಡಿಸುವುದು? ಚಿತ್ರ ಈ ಪ್ರಸಂಗವನ್ನು ತೋರಿಸುತ್ತದೆ, ಅದಕ್ಕೆ ಮೆಚ್ಚುಗೆಯಿದೆ. ಆದರೆ ಅದರ ಭಾರವನ್ನು ರೈಲಿನಲ್ಲಿ ಕಳಚಿಬಿಡುತ್ತದೆ.

ಕೇಳುವ ಮಾತು ಬಂದಾಗ ಭಾರತೀಯನಾಗಿ ನನಗೆ ನೆನಪಾಗುವುದು 1939ರ ಸೆಪ್ಟೆಂಬರ್ 3. ಅಂದು ವೈಸರಾಯ್ ಲಿನ್‌ಲಿತ್‌ಗೋ ಇಲ್ಲಿಯ ಯಾವ ನಾಯಕರನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದ. ಅದೇ ಯುದ್ಧಕಾಲದಲ್ಲಿ, ಚರ್ಚಿಲ್ ಪ್ರಧಾನಿಯಾಗಿದ್ದಾಗಲೇ, 1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು.

ಕ್ಯಾಲೆಯ ಪಡೆಯನ್ನು ನಡೆಸಿದ ಬ್ರಿಗೇಡಿಯರ್ ನಿಕೋಲ್ಸನ್ ಜರ್ಮನರ ಕೈಸೆರೆಯಾದ. ಅವನು ಮನೆಗೆ ಮರಳಲಿಲ್ಲ; 1943ರಲ್ಲಿ ಸೆರೆಯಲ್ಲೇ ತೀರಿಕೊಂಡ.