ಜ್ವರವೂ ನಿತ್ಯಕಾರ್ಯವೂ

ಜ್ವರಕ್ಕೆ ಅಳತೆಗೋಲು ದೊರೆತು ಬಹುಕಾಲವಾಯಿತು. ಪಾದರಸದ ಕಡ್ಡಿಯು ಮೈಯ ತಾಪವನ್ನು ತಿಳಿಸುತ್ತದೆ. ಆದರೆ ಆ ತಾಪವು ಮನುಷ್ಯನ ದಿನವನ್ನು ಎಷ್ಟರಮಟ್ಟಿಗೆ ಕೆಡಿಸಿತೆಂಬುದನ್ನು ತಿಳಿಸಲಾರದು. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಇಂದಿನ ವೈದ್ಯಸಂಶೋಧಕರು ಪ್ರಶ್ನಾವಳಿಗಳನ್ನು ರಚಿಸಿದ್ದಾರೆ. ಇನ್‌ಫ್ಲುಯೆಂಜಾ ಹಿಡಿದ ರೋಗಿಯನ್ನೇ ದಿನದಿನವೂ ಕೇಳುವುದು: ಹಾಸಿಗೆಯಿಂದೇಳುವುದು, ಅಡಿಗೆ ಮಾಡುವುದು, ಹೊರಗೆ ಹೋಗುವುದು, ಚಿತ್ತವನ್ನು ಒಂದು ಕಡೆ ನಿಲ್ಲಿಸುವುದು, ಇವುಗಳಲ್ಲಿ ಇಂದು ಕಷ್ಟವೇನೂ ಇಲ್ಲವೋ, ಸ್ವಲ್ಪವೋ, ಬಹಳವೋ? ಉತ್ತರಗಳಿಗೆ ಅಂಕೆಗಳನ್ನು ಕೊಟ್ಟು ಕೂಡಿಸಿದರೆ ಔಷಧದ ಗುಣವು ತಿಳಿಯುವುದೆಂದು ಅವರ ಮತ. ಓಸೆಲ್ಟಾಮಿವಿರ್ ಎಂಬ ಹೆಸರಾದ ಮಾತ್ರೆಯು ಪ್ರಾಯದವರಲ್ಲಿ ರೋಗಲಕ್ಷಣಗಳ ಕಾಲವನ್ನು ಸುಮಾರು ಒಂದು ದಿನದಷ್ಟು, ಅದಕ್ಕೂ ತುಸು ಕಡಮೆಯೇ, ಮೊಟಕುಮಾಡುತ್ತದೆ. ಇಷ್ಟು ಸಣ್ಣ ಲಾಭವನ್ನು ಗುರುತಿಸುವುದಕ್ಕೆ ರೋಗಿಯ ಮಾತೇ ಬೇಕು.

ರೋಗಿಯ ಮಾತಿಗೆ ಪ್ರಾಮಾಣ್ಯವನ್ನು ಕೊಟ್ಟುದು ಯೋಗ್ಯವೇ ಸರಿ. ಸ್ವಸ್ಥನೆಂದರೆ ತನ್ನಲ್ಲಿ ತಾನು ನಿಂತವನು. ದೋಷ, ಅಗ್ನಿ, ಧಾತುಗಳು ಸಮವಾಗಿದ್ದರೆ ಸಾಲದು, ಆತ್ಮವೂ ಇಂದ್ರಿಯಗಳೂ ಮನಸ್ಸೂ ಪ್ರಸನ್ನವಾಗಿರಬೇಕೆಂದು ಸುಶ್ರುತನು ಸ್ವಸ್ಥನ ಲಕ್ಷಣವನ್ನು ಹೇಳಿದನು. ಆ ಪ್ರಸನ್ನತೆಯನ್ನು ಹೊರಗಿನವರು ಊಹಿಸಬಹುದೇ ಹೊರತು ಕಾಣಲಾರರು.

ಆದರೆ ಇಲ್ಲೊಂದು ಸಂದೇಹವುಂಟು. ಬೆಟ್ಟದಪುರದಲ್ಲಿ, ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಕೆಳಗೆ, ಮಳೆಗಾಲದಲ್ಲಿ ಎರಡು ಮನೆಗಳಿಗೆ ಒಂದೇ ಜ್ವರ ಬಂದಿತೆಂದು ಇಟ್ಟುಕೊಳ್ಳೋಣ. ಒಂದು ಮನೆಯ ಯಜಮಾನನು ಕಂಬಳಿ ಹೊದ್ದು ನಾಲ್ಕು ದಿನ ಮಲಗಿದನು. ಗಂಜಿ ಅವನ ಬಳಿಗೇ ಬಂದಿತು. ಇನ್ನೊಂದು ಮನೆಯ ಸೊಸೆಯು ಅಷ್ಟೇ ತಾಪದಲ್ಲಿ ಎದ್ದು, ಬಾಗಿಲಿಗೆ ನೀರು ಹಾಕಿ, ಕೊಟ್ಟಿಗೆ ಗುಡಿಸಿ, ಹಸು ಕರೆದು, ಹಿಟ್ಟು ತೊಳಸಿದಳು. ಕೆಲಸ ನಿಂತಿತೇ ಎಂದು ಕೇಳಿದರೆ ಯಜಮಾನನ ಲೆಕ್ಕಕ್ಕೆ ದೊಡ್ಡ ಅಂಕೆ ಬೀಳುವುದು, ಸೊಸೆಯ ಲೆಕ್ಕಕ್ಕೆ ಸೊನ್ನೆ. ಪಿರಿಯಾಪಟ್ಟಣ, ಹುಣಸೂರು ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ನಿನ ಮುಂದೆ ಹಗಲಿರುಳು ಬೆಂಕಿ ಕಾಯುವವನ ಗತಿಯೂ ಇದೇ. ಒಮ್ಮೆ ಹೊತ್ತಿಸಿದ ಬೆಂಕಿಯನ್ನು ಜ್ವರದ ನೆವದಿಂದ ಬಿಟ್ಟು ಮಲಗಿದರೆ ಸೊಪ್ಪು ಕೆಡುವುದು. ಹೀಗಾದರೆ ಅಳೆಯಲ್ಪಟ್ಟುದು ರೋಗವೋ, ಮಲಗುವುದಕ್ಕಿರುವ ಅನುಕೂಲವೋ?

ಇದು ಬರಿಯ ತರ್ಕವಲ್ಲ. 1918ರ ಜೂನಿನಲ್ಲಿ ಬೊಂಬಾಯಿಗೆ ಬಂದ ಇನ್‌ಫ್ಲುಯೆಂಜಾ, ಸೆಪ್ಟೆಂಬರಿನಿಂದಾಚೆಗೆ ಉಗ್ರವಾಗಿ ಮರಳಿತು. ಮೈಸೂರು ಸಂಸ್ಥಾನವೂ ಅದಕ್ಕೆ ಸಿಕ್ಕಿತು. ಮಳೆ ಕೈಕೊಟ್ಟ ವರ್ಷ. ಇದ್ದಬದ್ದ ರಾಗಿಯ ಕೊಯ್ಲು ಸಮೀಪಿಸುವ ಹೊತ್ತಿಗೆ ಆಳುಗಳೂ ಒಡೆಯರೂ ಒಟ್ಟಿಗೆ ಹಾಸಿಗೆ ಹಿಡಿದರು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಮಿಗಿಲು. ಬೇರೆ ಎಷ್ಟೋ ದೇಶಗಳಂತಲ್ಲದೆ, ಇಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಸತ್ತರು. ಮನೆಗೆಲಸದ ಮೇಲೆ, ತಾವೇ ರೋಗಿಗಳಾಗಿದ್ದಾಗಲೂ, ಉಳಿದವರ ಶುಶ್ರೂಷೆಯು ಅವರ ಪಾಲಿಗೆ ಬಿದ್ದುದೇ ಇದಕ್ಕೆ ಕಾರಣವಿರಬಹುದೆಂದು 1921ರ ಜನಗಣತಿಯ ವರದಿಯು ಊಹಿಸಿತು. ಎಂದರೆ, ಯಾರ ನಿತ್ಯಕಾರ್ಯಕ್ಕೆ ಅತ್ಯಲ್ಪ ಭಂಗ ಬಂದಿತೋ ಅವರೇ ಹೆಚ್ಚಾಗಿ ಅಳಿದರು!

ಪ್ರಶ್ನಾವಳಿಯ ಪಕ್ಷದವರು, ಕೇಳುವುದು ಕೆಲಸ ನಿಂತಿತೇ ಎಂದಲ್ಲ, ಕಷ್ಟವಾಯಿತೇ ಎಂದು, ಎನ್ನುವರು. ಮಾತು ನ್ಯಾಯವೇ. ಆದರೆ ಮಾಡದೆ ವಿಧಿಯಿಲ್ಲದ ಕೆಲಸವನ್ನು ಕಷ್ಟವೆಂದು ಹೇಳುವ ಅಭ್ಯಾಸವೇ ಎಷ್ಟೋ ಜನರಿಗಿಲ್ಲ. ಹೇಳಿದರೆ ಕೇಳುವವರಾದರೂ ಯಾರು? ಆದುದರಿಂದ, ಬದಲಿಗೆ ಮಾಡುವವರು ಯಾರಾದರೂ ಇದ್ದರೇ ಎಂಬ ಪ್ರಶ್ನೆಯನ್ನೂ ಮೊದಲಲ್ಲೇ ಸೇರಿಸುವುದು ಉಚಿತ. ಸೇರಿಸಿದರೆ ಪಟ್ಟಿ ಉದ್ದವಾಗುವುದು, ತಲೆಯೆತ್ತಲಾರದ ರೋಗಿ ಉತ್ತರಿಸಲಾರಳು ಎಂಬ ಆಕ್ಷೇಪಣೆಯೂ ಉಂಟು. ಆಗ ಹೆಂಡತಿಯ ಪರವಾಗಿ ಗಂಡನೇ ಗುರುತು ಹಾಕಬೇಕು. ಅವನಿಗಾದರೋ ಅಂದೂ ಊಟ ಹೊತ್ತಿಗೆ ಸರಿಯಾಗಿಯೇ ಸಿಕ್ಕಿದೆ.